ವಿಕ್ರಮ ಸಾರಾಭಾಯಿ ಮತ್ತು ಹಳ್ಳಿಯ ದೂರದರ್ಶನ

1975ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲನೆಯ ದಿನ. ಇಂದು ಕಲಬುರಗಿ, ವಿಜಯಪುರ ಎಂದು ಕರೆಯಲ್ಪಡುವ ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಲ್ಲಿಯೂ ಅವುಗಳ ನೆರೆಯ ರಾಯಚೂರು ಜಿಲ್ಲೆಯಲ್ಲಿಯೂ ಆರಿಸಿದ ಕೆಲವು ನೂರು ಹಳ್ಳಿಗಳಲ್ಲಿ ಜನರು ಒಂದು ಪೆಟ್ಟಿಗೆಯ ಮುಂದೆ ಕಲೆತಿದ್ದರು. ಪಕ್ಕದಲ್ಲಿ ಆಕಾಶದ ಕಡೆಗೆ ಮುಖಮಾಡಿ ನಿಂತಿದ್ದ ದೊಡ್ಡ ತಂತಿಬಲೆಯ ಬೋಗುಣಿಯೊಂದಿತ್ತು. ಅವರಲ್ಲಿ ಬಹುಮಂದಿ ಅದುವರೆಗೆ ಚಲನಚಿತ್ರವನ್ನೂ ಕಂಡವರಲ್ಲ; ಕೆಲವರ ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಆಗ ರಾಜ್ಯದ ರಾಜಧಾನಿಯಾದ ಬೆಂಗಳೂರಿನಲ್ಲಿಯೂ ದೂರದರ್ಶನ ಕೇಂದ್ರವಿರಲಿಲ್ಲ. ಅಂಥ ಕಾಲದಲ್ಲಿ ಬಯಲುಸೀಮೆಯ ಒಕ್ಕಲುಮಕ್ಕಳ ಮುಂದೆ ಚಿತ್ರ ಮೂಡಿತು, ಅದರೊಡನೆ ಕನ್ನಡದ ಮಾತು ಕೇಳಿಬಂತು.

ಆ ಪೆಟ್ಟಿಗೆ ಆ ಹಳ್ಳಿಗಳಿಗೆ ಬರಬೇಕೆಂದು ಹಲವು ವರ್ಷಗಳ ಹಿಂದೆಯೇ ನಿಶ್ಚಯಿಸಿದ್ದ ಪುರುಷನು ಮಾತ್ರ ಅಂದು ಬದುಕಿರಲಿಲ್ಲ. ಆತನೇ ವಿಕ್ರಮ ಸಾರಾಭಾಯಿ.

ವಿಕ್ರಮ ಸಾರಾಭಾಯಿ ಅವರು 1919ನೆಯ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯಿ ಹೆಸರಾಂತ ಬಟ್ಟೆ ಗಿರಣಿಯ ಒಡೆಯರು, ತಾಯಿ ಸರಳಾದೇವಿ. ಎಂಟು ಮಂದಿ ಮಕ್ಕಳಿದ್ದ ದೊಡ್ಡ ಸಂಸಾರ ಅದು. ಮಕ್ಕಳನ್ನು ಹೊರಗಿನ ಶಾಲೆಗೆ ಕಳುಹಿಸುವುದಕ್ಕೆ ಬದಲಾಗಿ ತಾಯಿ ಮನೆಯ ಆವರಣದಲ್ಲಿಯೇ ಒಂದು ಶಾಲೆಯನ್ನು ನಡೆಸಿದರು. ಮಗುವಿನ ಕೈಗೂ ಕಣ್ಣಿಗೂ ಕೆಲಸ ಕೊಡಬೇಕು ಎಂಬ ಮಾಂಟೆಸೊರಿ ಪದ್ಧತಿ ಅವರ ಮನಸ್ಸಿಗೆ ಹಿಡಿಸಿತ್ತು. ಯಂತ್ರಗಳ ಮೇಲೆ ಒಲವಿದ್ದ ಬಾಲಕ ವಿಕ್ರಮನಿಗೆ ಮನೆಯಲ್ಲಿಯೇ ಒಂದು ಕಮ್ಮಟ ದೊರೆಯಿತು. ಅಲ್ಲಿ ಅವನು ರೈಲಿನ ಉಗಿಯಂತ್ರದ ಸಣ್ಣ ಮಾದರಿಯೊಂದನ್ನು ಕಟ್ಟಿದನು.

ಸಿರಿವಂತಿಕೆಯಷ್ಟೇ ಆ ಮನೆಯ ಹಿರಿಮೆಯಾಗಿರಲಿಲ್ಲ. ಅಂಬಾಲಾಲರ ಅಕ್ಕ ಅನಸೂಯಾ ಬೆಹನ್ ಅವರು 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಗಾಂಧೀಜಿಯವರ ಜೊತೆಗೆ ನಿಂತರು. ಎದುರಿಗೆ ಇದ್ದವರು ಗಿರಣಿಯ ಮಾಲೀಕರು. ಅವರಲ್ಲಿ ಮುಖ್ಯರಾದವರು ಅವರ ಸ್ವಂತ ತಮ್ಮನೇ. ವಿಕ್ರಮರ ಅಕ್ಕ ಮೃದುಲಾ ಸಾರಾಭಾಯಿ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು. ಗಾಂಧೀಜಿ, ರವೀಂದ್ರನಾಥ ಠಾಕೂರ್, ಜವಾಹರಲಾಲ್ ನೆಹರೂ, ಸಿ. ವಿ. ರಾಮನ್ ಮೊದಲಾದವರು ಆ ಮನೆಗೆ ಬಂದುಹೋಗುತ್ತಿದ್ದರು. ದೊಡ್ಡವರ ಚರ್ಚೆಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ಹಣವುಳ್ಳವನ ಮನೆಯಲ್ಲಿ ಹುಟ್ಟಿಯೂ ಹಣವಿಲ್ಲದವನ ಕಡೆಯಿಂದ ಲೋಕವನ್ನು ನೋಡುವುದು ಸಾಧ್ಯವೆಂಬುದು ಮನೆಯಲ್ಲಿಯೇ ತಿಳಿಯಿತು.

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿದ ಮೇಲೆ ವಿಕ್ರಮರು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿ, 1940ರಲ್ಲಿ ಪ್ರಕೃತಿ ವಿಜ್ಞಾನದ ಪದವಿಯನ್ನು ಪಡೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಹತ್ತಿ ಉರಿಯುತ್ತಿತ್ತು. ಅವರು ತಾಯ್ನಾಡಿಗೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಅಲ್ಲಿ ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ಅದೇ ಸಮಯದಲ್ಲಿ ಹೋಮಿ ಭಾಭಾ ಅವರೂ ಅಲ್ಲಿದ್ದರು. ಮುಂದೆ ಭಾರತದ ಅಣುಶಕ್ತಿಯನ್ನೂ ಬಾಹ್ಯಾಕಾಶ ವಿಜ್ಞಾನವನ್ನೂ ಕಟ್ಟಿದ ಇಬ್ಬರು ತರುಣರು ಒಂದೇ ಛಾವಣಿಯ ಕೆಳಗೆ ಕೆಲಸ ಮಾಡಿದ್ದು ಯುದ್ಧವು ತಂದ ಆಕಸ್ಮಿಕ. ಬೆಂಗಳೂರು ವಿಕ್ರಮರಿಗೆ ಮತ್ತೊಂದು ಭಾಗ್ಯವನ್ನೂ ತಂದಿತು. ನೃತ್ಯಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯ ಇಲ್ಲಿಯೇ ಬೆಳೆದು, 1942ರಲ್ಲಿ ಅವರಿಬ್ಬರ ವಿವಾಹ ನಡೆಯಿತು.

ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜಿಗೆ ಹೋಗಿ, ಉಷ್ಣವಲಯದಲ್ಲಿ ವಿಶ್ವಕಿರಣಗಳ ವರ್ತನೆಯನ್ನು ಕುರಿತು ಬರೆದ ಪ್ರಬಂಧಕ್ಕೆ 1947ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಹಿಂದಿರುಗಿ ಬಂದಾಗ ಅವರಿಗೆ 28 ವರ್ಷ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಅಹಮದಾಬಾದಿನ ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಹವಾಮಾನ ವಿಜ್ಞಾನಿ ಕೆ. ಆರ್. ರಾಮನಾಥನ್ ಅವರು ಅದರ ಮೊದಲ ನಿರ್ದೇಶಕರಾದರು. ತಾನು ಸ್ಥಾಪಿಸಿದ ಸಂಸ್ಥೆಯ ಪೀಠದಲ್ಲಿ ತಾನೇ ಕೂಡಬೇಕೆಂಬ ಆಸೆ ವಿಕ್ರಮರಿಗೆ ಇರಲಿಲ್ಲ. ಬಟ್ಟೆ ಗಿರಣಿಗಳಿಗಾಗಿ ಒಂದು ಸಂಶೋಧನಾ ಸಂಘ, ಮೃಣಾಲಿನಿಯವರೊಡನೆ 1949ರಲ್ಲಿ ದರ್ಪಣ ಎಂಬ ಕಲಾಸಂಸ್ಥೆ, 1961ರಲ್ಲಿ ಅಹಮದಾಬಾದಿನ ವ್ಯವಸ್ಥಾಪನ ವಿದ್ಯಾಸಂಸ್ಥೆ, ಹೀಗೆ ಒಂದಾದಮೇಲೊಂದು ಸಂಸ್ಥೆ ಅವರ ಶ್ರಮದಿಂದ ತಲೆಯೆತ್ತಿತು. ಇವುಗಳ ನಡುವೆ ಮನೆತನದ ಔಷಧ ಉದ್ಯಮದ ಹೊಣೆಯೂ ಅವರ ಮೇಲಿತ್ತು. ಇಷ್ಟೊಂದು ಹೊರೆಯನ್ನು ಒಬ್ಬನೇ ಹೊತ್ತುಕೊಳ್ಳುವುದು ದೇಹಕ್ಕೆ ಒಳ್ಳೆಯದಲ್ಲ. ಅದರ ಬೆಲೆಯನ್ನು ಅವರು ಮುಂದೆ ತೆರಬೇಕಾಯಿತು.

1962ರಲ್ಲಿ ಭಾರತ ಸರ್ಕಾರವು ಬಾಹ್ಯಾಕಾಶ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಮಿತಿಯನ್ನು ರಚಿಸಿ ಸಾರಾಭಾಯಿ ಅವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿತು. ಭೂಮಿಯ ಕಾಂತೀಯ ಸಮಭಾಜಕ ವೃತ್ತವು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯ ಸಮೀಪದಲ್ಲಿ ಹಾದುಹೋಗುತ್ತದೆ. ವಾಯುಮಂಡಲದ ಮೇಲ್ಪದರವನ್ನು ರಾಕೆಟ್ಟುಗಳಿಂದ ಪರೀಕ್ಷಿಸಲು ಅದು ತಕ್ಕ ಸ್ಥಳ. ಆದರೆ ಅಲ್ಲಿ ಒಂದು ಚರ್ಚು ಇತ್ತು. ಸುತ್ತಲೂ ಬೆಸ್ತರ ಮನೆಗಳಿದ್ದವು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರೂ ಊರಿನ ಜನರೂ ಒಪ್ಪಿ ಸ್ಥಳವನ್ನು ಬಿಟ್ಟುಕೊಟ್ಟರು. ಚರ್ಚು ಕಛೇರಿಯಾಯಿತು, ದನದ ಕೊಟ್ಟಿಗೆ ಪ್ರಯೋಗಶಾಲೆಯಾಯಿತು, ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಸಾಗಿದವು. 1963ನೆಯ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೇರಿತು. ಅದು ಅಮೆರಿಕದಲ್ಲಿ ತಯಾರಾದುದು. ನಾಲ್ಕು ವರ್ಷಗಳ ತರುವಾಯ, 1967ರ ನವೆಂಬರಿನಲ್ಲಿ, ಭಾರತದಲ್ಲಿಯೇ ತಯಾರಾದ ರೋಹಿಣಿ ಎಂಬ ಚಿಕ್ಕ ರಾಕೆಟ್ಟು ಹಾರಿತು.

ಹೊಟ್ಟೆಗೆ ಹಿಟ್ಟಿಲ್ಲದ ದೇಶಕ್ಕೆ ರಾಕೆಟ್ಟಿನ ಚಟವೇಕೆ ಎಂದು ಆ ದಿನಗಳಲ್ಲಿ ಹಲವರು ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. 1965, 1966ರಲ್ಲಿ ಮಳೆ ಕೈಕೊಟ್ಟು, ಹೊರದೇಶದಿಂದ ಹಡಗುಗಳಲ್ಲಿ ಗೋಧಿ ತರಿಸಿ ಜನರನ್ನು ಉಳಿಸಬೇಕಾಗಿತ್ತು. ಸಾರಾಭಾಯಿ ಅವರು ಈ ಪ್ರಶ್ನೆಗೆ ಸಿಟ್ಟಾಗಲಿಲ್ಲ. ಚಂದ್ರನನ್ನು ಮುಟ್ಟುವ ಪಂದ್ಯದಲ್ಲಿ ಶ್ರೀಮಂತ ರಾಷ್ಟ್ರಗಳೊಡನೆ ಓಡುವುದು ಭಾರತದ ಗುರಿಯಲ್ಲವೆಂದೂ, ಆದರೆ ಹೊಸ ವಿಜ್ಞಾನವನ್ನು ಬಡವನ ನಿತ್ಯದ ಕಷ್ಟಗಳಿಗೆ ಹೊಂದಿಸಿಕೊಳ್ಳುವುದರಲ್ಲಿ ಯಾರಿಗೂ ಹಿಂದೆ ಬೀಳಬಾರದೆಂದೂ ಅವರು ತಿಳಿಯಹೇಳಿದರು. ಮಾತಿನಲ್ಲಿ ಇದು ಸುಲಭ. ಬಾಹ್ಯಾಕಾಶದಿಂದ ಹಳ್ಳಿಗಾರನಿಗೆ ಏನು ಸಿಕ್ಕುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕಾಗಿತ್ತು. ಅವರು ಆರಿಸಿಕೊಂಡದ್ದು ದೂರದರ್ಶನವನ್ನು.

ಭಾರತದಲ್ಲಿ ದೂರದರ್ಶನ ಆರಂಭವಾದದ್ದು 1959ನೆಯ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಬಹುಕಾಲ ಅದು ಆ ಒಂದೇ ನಗರದ ಸುತ್ತ ಉಳಿದಿತ್ತು. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ 1966ನೆಯ ಜನವರಿ 24ರಂದು ವಿಮಾನ ಅಪಘಾತದಲ್ಲಿ ಮಡಿದಾಗ, ಆ ಸ್ಥಾನಕ್ಕೆ ಸಾರಾಭಾಯಿ ಅವರು ಬಂದರು. ಮರುವರ್ಷದ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಕೃಷಿದರ್ಶನ ಎಂಬ ಕಾರ್ಯಕ್ರಮ ಪ್ರಾರಂಭವಾಯಿತು. ಪ್ರತಿ ಹಳ್ಳಿಗೂ ಒಂದೊಂದು ಸಾಮೂಹಿಕ ಸೆಟ್ಟು. ರೈತರು ಒಟ್ಟಿಗೆ ಕುಳಿತು ಹೊಸ ಗೋಧಿ ತಳಿಗಳ ವಿಷಯವನ್ನು ನೋಡಿ, ನೋಡಿದ ಮೇಲೆ ತಮ್ಮತಮ್ಮಲ್ಲಿ ಚರ್ಚಿಸುತ್ತಿದ್ದರು. ಅಕ್ಷರ ಬಾರದವನೂ ಕಣ್ಣಿನಿಂದ ಕಂಡದ್ದನ್ನು ಗ್ರಹಿಸುತ್ತಾನೆ. ಉಪದೇಶಕ್ಕೆ ಕಿವಿಗೊಡದವನು ನೆರೆಯವನ ಹೊಲದ ಚಿತ್ರಕ್ಕೆ ಕಣ್ಣುಕೊಡುತ್ತಾನೆ. ಸಾರಾಭಾಯಿ ಅವರ ಒತ್ತಾಸೆಯಿಂದ ನಡೆದ ಈ ಸಣ್ಣ ಪ್ರಯೋಗವು ಅವರ ನಂಬಿಕೆಯನ್ನು ಗಟ್ಟಿಮಾಡಿತು.

ಆದರೆ ದೇಶದಲ್ಲಿದ್ದದ್ದು 80 ಹಳ್ಳಿಗಳಲ್ಲ, ಐದು ಲಕ್ಷಕ್ಕೂ ಮೇಲ್ಪಟ್ಟು. ಅವುಗಳಿಗೆ ಚಿತ್ರವನ್ನು ಮುಟ್ಟಿಸುವ ದಾರಿ ಯಾವುದು? ಇಲ್ಲಿ ಎರಡು ಮಾರ್ಗಗಳು ಕವಲೊಡೆದವು.

ಮೊದಲನೆಯದು ಬಳಕೆಯಲ್ಲಿದ್ದ ಮಾರ್ಗ. ದೂರದರ್ಶನದ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು ಅಡ್ಡ ಬರುವುದರಿಂದ ಎಷ್ಟು ಎತ್ತರದ ಗೋಪುರವನ್ನು ಕಟ್ಟಿದರೂ ಅದರ ಬೆಳಕು ಕೆಲವು ಹತ್ತು ಕಿಲೋಮೀಟರುಗಳ ಆಚೆಗೆ ಬೀಳದು. ಆದುದರಿಂದ ಗೋಪುರದಿಂದ ಗೋಪುರಕ್ಕೆ ಚಿತ್ರವನ್ನು ದಾಟಿಸುತ್ತ ದೇಶವನ್ನೆಲ್ಲ ತುಂಬಬೇಕು. ಇದರಲ್ಲಿ ತಾಂತ್ರಿಕ ಅಪಾಯ ಕಡಿಮೆ. ಆದರೆ ಗೋಪುರಗಳು ಮೊದಲು ಏಳುವುದು ಮಹಾನಗರಗಳಲ್ಲಿ. ಅನಂತರ ಜಿಲ್ಲಾ ಕೇಂದ್ರಗಳಲ್ಲಿ. ಎಲ್ಲಕ್ಕೂ ಕೊನೆಗೆ, ಹಣವೂ ಉತ್ಸಾಹವೂ ಉಳಿದಿದ್ದರೆ, ಹಳ್ಳಿಯ ಸರದಿ. ರಸ್ತೆ, ದೀಪ, ಆಸ್ಪತ್ರೆಗಳ ವಿಷಯದಲ್ಲಿ ಹಳ್ಳಿಗಳು ಈ ಸರದಿಯನ್ನು ಚೆನ್ನಾಗಿ ಬಲ್ಲವು.

ಎರಡನೆಯದು ಅದುವರೆಗೆ ಯಾವ ದೇಶವೂ ಈ ಪ್ರಮಾಣದಲ್ಲಿ ತುಳಿಯದ ಹಾದಿ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಒಂದು ಕೃತಕ ಉಪಗ್ರಹವನ್ನು ನಿಲ್ಲಿಸಿದರೆ, ಅದು ಭೂಮಿಯೊಡನೆಯೇ ಸುತ್ತುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಅಲ್ಲಿಂದ ಕೆಳಕ್ಕೆ ಬೀಳುವ ತರಂಗಕ್ಕೆ ದೆಹಲಿಯೂ ಒಂದೇ, ರಾಯಚೂರಿನ ಮೂಲೆಯ ಹಳ್ಳಿಯೂ ಒಂದೇ. ಸಾರಾಭಾಯಿ ಅವರು ಈ ಹಾದಿಯ ಪರವಾಗಿ ನಿಂತರು. ಹಿಂದುಳಿದ ದೇಶಗಳು ಮುಂದುವರಿದ ದೇಶಗಳು ಏರಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಏರಬೇಕಾಗಿಲ್ಲ, ಕೆಲವನ್ನು ದಾಟಿ ಜಿಗಿಯಬಹುದು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಮಹಾನಗರಗಳಿಗೆ ಗೋಪುರಗಳೂ ಇರಲಿ, ಆದರೆ ಹಳ್ಳಿ ಗೋಪುರಕ್ಕಾಗಿ ಕಾಯಬೇಕಾಗಿಲ್ಲ ಎಂದು ಅವರು ವಾದಿಸಿದರು.

ಈ ಆಯ್ಕೆಗೆ ಒಂದು ಸಂಕಟವಿತ್ತು. ಉಪಗ್ರಹ ಭಾರತದಲ್ಲಿರಲಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಬಹು ಶಕ್ತಿಯುತವಾದ ಉಪಗ್ರಹವೊಂದನ್ನು ನಿರ್ಮಿಸುತ್ತಿತ್ತು. 1969ನೆಯ ಇಸವಿಯ ಆಗಸ್ಟ್ 15ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೋ, ಸ್ಥಾಪನೆಯಾಯಿತು. ಮರುತಿಂಗಳು, ಸೆಪ್ಟೆಂಬರ್ 18ರಂದು, ನಾಸಾ ಸಂಸ್ಥೆಗೂ ಭಾರತದ ಅಣುಶಕ್ತಿ ಇಲಾಖೆಗೂ ಒಪ್ಪಂದವಾಯಿತು. ಅಮೆರಿಕದ ಉಪಗ್ರಹ ಒಂದು ವರ್ಷಕಾಲ ಭಾರತದ ಬಳಕೆಗೆ ದೊರೆಯುವುದು. ಭೂಕೇಂದ್ರಗಳು, ಹಳ್ಳಿಯ ಸೆಟ್ಟುಗಳು, ಕಾರ್ಯಕ್ರಮಗಳು ಇವೆಲ್ಲವೂ ಭಾರತದ ಹೊಣೆ. ಏನನ್ನು ತೋರಿಸಬೇಕು ಎಂಬ ತೀರ್ಮಾನವೂ ಭಾರತದ್ದೇ. ಇದೇ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ಸೈಟ್ ಎಂದು ಪ್ರಸಿದ್ಧವಾಯಿತು. ಪರರ ಉಪಗ್ರಹವನ್ನು ಎರವಲು ತಂದು ಕಲಿಸಿದರೆ, ವರ್ಷ ಮುಗಿದ ಮೇಲೆ ಹಳ್ಳಿಯ ಗತಿಯೇನು ಎಂಬ ಆಕ್ಷೇಪಕ್ಕೆ ಒಪ್ಪಂದದಲ್ಲಿ ಉತ್ತರವಿರಲಿಲ್ಲ. ಆ ಒಂದು ವರ್ಷದಲ್ಲಿ ಕಲಿತದ್ದರ ಬಲದಿಂದ ಮುಂದೆ ಸ್ವಂತ ಉಪಗ್ರಹವನ್ನು ಪಡೆಯುವುದೇ ಸಾರಾಭಾಯಿ ಅವರ ಉತ್ತರವಾಗಿತ್ತು.

ಮೇಲಿನ ಉಪಗ್ರಹ ಎಷ್ಟೇ ದೊಡ್ಡದಾಗಿರಲಿ, ಕೆಳಗೆ ಅದನ್ನು ಹಿಡಿಯುವ ಸೆಟ್ಟು ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಎಂಥ ಸೆಟ್ಟನ್ನು ಆರಿಸಬೇಕು ಎಂಬುದು ಪಟ್ಟಣದಲ್ಲಿ ಅಂಗಡಿಗೆ ಹೋಗಿ ಮನೆಗೊಂದು ಪೆಟ್ಟಿಗೆಯನ್ನು ಕೊಳ್ಳುವವನಿಗೆ ಸುಲಭದ ವಿಚಾರ. ಚಿತ್ರ ಸ್ಪಷ್ಟವಾಗಿರಬೇಕು, ಬೆಲೆ ಕೈಗೆ ಎಟುಕಬೇಕು, ನೋಡಲು ಅಂದವಾಗಿರಬೇಕು. ಹಳ್ಳಿಯ ಸೆಟ್ಟಿನ ಕಥೆ ಬೇರೆ. ಅದು ಒಂದು ಮನೆಯ ಸೊತ್ತಲ್ಲ, ಊರಿನ ಸೊತ್ತು. ನಾಲ್ವರು ನೋಡುವುದಲ್ಲ, ನೂರಾರು ಮಂದಿ ಬಯಲಿನಲ್ಲಿ ಕುಳಿತು ನೋಡುವುದು. ಆದುದರಿಂದ ಪರದೆ ದೊಡ್ಡದಾಗಿರಬೇಕು, ದನಿ ಹಿಂದೆ ಕುಳಿತವರಿಗೂ ಕೇಳಬೇಕು. ವಿದ್ಯುತ್ತಿನ ಒತ್ತಡ ಒಮ್ಮೆ ಏರಿ ಒಮ್ಮೆ ಇಳಿಯುವ ಕಡೆ ಅದು ಸುಟ್ಟುಹೋಗಬಾರದು. ಬೇಸಿಗೆಯ ಧೂಳಿಗೂ ಮಳೆಗಾಲದ ತೇವಕ್ಕೂ ಜಗ್ಗಬಾರದು. ವಿದ್ಯುತ್ತೇ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಯಬೇಕು. ಕೆಟ್ಟರೆ ಅದನ್ನು ಬಿಚ್ಚಿ ನೋಡಬಲ್ಲವನು ಊರಿನಲ್ಲಿ ಇರುವುದಿಲ್ಲ. ಶಾಲೆಯ ಉಪಾಧ್ಯಾಯರೇ ಅದನ್ನು ಹಚ್ಚಿ ಆರಿಸಬೇಕಾಗುತ್ತದೆ.

ಮನೆಗೊಂದು ಸೆಟ್ಟೇ, ಊರಿಗೊಂದು ಸೆಟ್ಟೇ ಎಂಬ ಪ್ರಶ್ನೆಯಲ್ಲಿ ಸಾರಾಭಾಯಿ ಅವರ ನಿಲುವು ಸ್ಪಷ್ಟವಾಗಿತ್ತು. ಮನೆಗೊಂದು ಸೆಟ್ಟು ಎಂದರೆ, ಕೊಳ್ಳಬಲ್ಲವನ ಮನೆಗೆ ಮಾತ್ರ ಎಂದು ಅರ್ಥ. ಊರಿಗೊಂದು ಎಂದರೆ ಕೂಲಿಯವನೂ ಬಂದು ಕೂಡಬಹುದು.

ತರಂಗವನ್ನು ಹಿಡಿಯುವ ಆಂಟೆನಾದ ವಿಷಯದಲ್ಲಿ ಎಂಜಿನಿಯರುಗಳು ತೋರಿಸಿದ ಜಾಣ್ಮೆ ಮೆಚ್ಚತಕ್ಕದ್ದು. ಅಂಥ ಬೋಗುಣಿಯನ್ನು ಲೋಹದ ತಗಡಿನಿಂದ ಮಾಡಿದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು; ಬಿರುಗಾಳಿ ಬಂದರೆ ತಗಡು ಹಾಯಿಯಂತೆ ಗಾಳಿಗೆ ಸಿಕ್ಕುತ್ತದೆ. ಈ ಉಪಗ್ರಹದ ತರಂಗದ ಆವೃತ್ತಿ 860 ಮೆಗಾಹರ್ಟ್ಸ್. ಹಾಗೆಂದರೆ ಅದರ ಅಲೆಯುದ್ದ ಸುಮಾರು 35 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಬೆರಳಗಲದ ತೂತುಗಳಿರುವ ಬಲೆಯೂ ಗಟ್ಟಿಗೋಡೆಯೇ. ಅದು ತೂತಿನ ಮೂಲಕ ನುಸುಳಿಹೋಗದೆ ಪ್ರತಿಫಲಿಸುತ್ತದೆ. ಹೀಗಾಗಿ ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದಲೇ 3 ಮೀಟರು ಅಡ್ಡಳತೆಯ ಆಂಟೆನಾವನ್ನು ಮಾಡಿದರು. ಗಾಳಿ ಬಲೆಯ ಮೂಲಕ ಹಾದುಹೋಯಿತು, ಚಿತ್ರ ಮಾತ್ರ ಸಿಕ್ಕಿಬಿತ್ತು. ಸೆಟ್ಟುಗಳು ತಯಾರಾದದ್ದು ಅಣುಶಕ್ತಿ ಇಲಾಖೆಗೆ ಸೇರಿದ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನಲ್ಲಿ. ಹೊರದೇಶದಿಂದ ಸೆಟ್ಟುಗಳನ್ನು ತರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತೇನೋ. ಆದರೆ ಕಲಿಯುವ ಅವಕಾಶ ತಪ್ಪಿಹೋಗುತ್ತಿತ್ತು.

ಈ ಕೆಲಸಗಳು ಮುಗಿಯುವುದನ್ನು ಸಾರಾಭಾಯಿ ಅವರು ಕಾಣಲಿಲ್ಲ. ಅಣುಶಕ್ತಿ, ಬಾಹ್ಯಾಕಾಶ ಎರಡರ ಭಾರವನ್ನೂ ಹೊತ್ತು ಅವರು ಮುಂಬಯಿ, ದೆಹಲಿ, ಅಹಮದಾಬಾದು, ತಿರುವನಂತಪುರಗಳ ನಡುವೆ ಬಿಡುವಿಲ್ಲದೆ ಓಡಾಡುತ್ತಿದ್ದರು. 1971ರ ಡಿಸೆಂಬರ್ ತಿಂಗಳಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧ ಮುಗಿದ ಎರಡು ವಾರಗಳ ಮೇಲೆ ಅವರು ತುಂಬಾದ ಕೆಲಸಗಳನ್ನು ಪರಿಶೀಲಿಸಲು ಕೇರಳಕ್ಕೆ ಬಂದಿದ್ದರು. ಡಿಸೆಂಬರ್ 30ರಂದು, ಕೋವಳಂ ಕಡಲತೀರದ ವಸತಿಗೃಹದಲ್ಲಿ ರಾತ್ರಿ ಮಲಗಿದವರು ಮತ್ತೆ ಏಳಲಿಲ್ಲ. ಆಗ ಅವರಿಗೆ 52 ವರ್ಷ. 1966ರಲ್ಲಿ ಪದ್ಮಭೂಷಣದಿಂದ ಅವರನ್ನು ಗೌರವಿಸಿದ್ದ ಸರ್ಕಾರವು 1972ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು.

ಯಜಮಾನನು ತೀರಿಕೊಂಡ ಮನೆಯಲ್ಲಿ ಅರ್ಧ ಕಟ್ಟಿದ ಗೋಡೆ ಹಾಗೆಯೇ ನಿಲ್ಲುವುದುಂಟು. ಇಲ್ಲಿ ಹಾಗಾಗಲಿಲ್ಲ. ಸತೀಶ ಧವನ್ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾದರು; ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಅವರಿಗಾಗಿ ಸಂಸ್ಥೆಯ ಮುಖ್ಯ ಕಛೇರಿಯೇ ಬೆಂಗಳೂರಿಗೆ ಬಂದಿತು. ಅಹಮದಾಬಾದಿನಲ್ಲಿ ಯಶ್ ಪಾಲ್ ಮತ್ತು ಇ. ವಿ. ಚಿಟ್ನಿಸ್ ಅವರು ಸೈಟ್ ಪ್ರಯೋಗದ ಕೆಲಸವನ್ನು ನಡೆಸಿದರು. 1974ನೆಯ ಮೇ 30ರಂದು ಎಟಿಎಸ್-6 ಎಂಬ ಉಪಗ್ರಹ ಅಮೆರಿಕದಿಂದ ಮೇಲೇರಿತು. ಆಕಾಶಕ್ಕೆ ಹೋದ ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವ 9 ಮೀಟರು ಅಗಲದ ಆಂಟೆನಾ ಅದಕ್ಕಿತ್ತು. ಮೊದಲ ವರ್ಷ ಅಮೆರಿಕದ ಕೆಲಸವನ್ನು ಮುಗಿಸಿ, ಅದು ಪೂರ್ವ ಆಫ್ರಿಕದ ಮೇಲಿನ ಸ್ಥಾನಕ್ಕೆ ಬಂದು ಭಾರತದ ಕಡೆಗೆ ಮುಖ ತಿರುಗಿಸಿತು.

ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ ಈ ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಆರಿಸುವಾಗ ಹಿಂದುಳಿದಿರುವಿಕೆಯೇ ಅರ್ಹತೆಯಾಯಿತು. ಸರ್ಕಾರದ ಪಟ್ಟಿಗಳಲ್ಲಿ ಇದು ಅಪರೂಪ. ಪ್ರತಿದಿನ ನಾಲ್ಕು ಗಂಟೆಗಳ ಪ್ರಸಾರ ನಡೆಯುತ್ತಿತ್ತು. ಬೆಳಗ್ಗೆ ಶಾಲೆಯ ಮಕ್ಕಳಿಗಾಗಿ ಪಾಠ. ಸಂಜೆ ದೊಡ್ಡವರಿಗಾಗಿ ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣ ಮೊದಲಾದ ವಿಷಯಗಳೂ ಹಾಡು, ನಾಟಕಗಳೂ ಬರುತ್ತಿದ್ದವು. ಆಂಧ್ರಕ್ಕೂ ಕರ್ನಾಟಕಕ್ಕೂ ಸಂಬಂಧಿಸಿದಂತೆ ಒಂದು ವಿಶೇಷವಿತ್ತು. ಉಪಗ್ರಹವು ಒಂದು ಚಿತ್ರದೊಡನೆ ಎರಡು ದನಿಗಳನ್ನು ಹೊತ್ತು ತರಬಲ್ಲದ್ದಾಗಿತ್ತು. ಆದ್ದರಿಂದ ಒಂದೇ ಚಿತ್ರಕ್ಕೆ ಮಹಬೂಬ್‌ನಗರದ ಹಳ್ಳಿಯಲ್ಲಿ ತೆಲುಗಿನ ಮಾತೂ ಅದರ ನೆರೆಯ ರಾಯಚೂರಿನ ಹಳ್ಳಿಯಲ್ಲಿ ಕನ್ನಡದ ಮಾತೂ ಕೇಳಿಸುವಂತೆ ಮಾಡಬಹುದಾಗಿತ್ತು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ.

ಬೀದರ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಪಶ್ಚಿಮ-ದಕ್ಷಿಣಕ್ಕಿರುವ ಗುಲ್ಬರ್ಗಾ ಜಿಲ್ಲೆಗೆ ಸೆಟ್ಟುಗಳು ಬಂದವು. ಪೂರ್ವಕ್ಕಿರುವ ಆಂಧ್ರದ ಮೇದಕ ಜಿಲ್ಲೆಗೂ ಬಂದವು. ನಡುವಿನ ಬೀದರಿಗೆ, ಜನವಾಡದಂಥ ಊರುಗಳಿಗೆ, ಬರಲಿಲ್ಲ. ಹೈದರಾಬಾದಿನ ಕಾರ್ಖಾನೆ ಅವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರವಿತ್ತು. ಆಕಾಶದಿಂದ ಇಳಿದ ತರಂಗ ಬೀದರಿನ ಕೆಂಪುನೆಲದ ಮೇಲೂ ಭಾಲ್ಕಿ, ಔರಾದಗಳ ಹೊಲಗಳ ಮೇಲೂ ಆ ವರ್ಷವೆಲ್ಲ ಪ್ರತಿದಿನ ನಾಲ್ಕು ಗಂಟೆ ಬೀಳುತ್ತಲೇ ಇತ್ತು. ಕನ್ನಡದ ಮಾತು ಅದರಲ್ಲಿಯೇ ಇತ್ತು. ಅದನ್ನು ಹಿಡಿದು ತೋರಿಸುವ ಸೆಟ್ಟು ಮಾತ್ರ ಇರಲಿಲ್ಲ. ಹೀಗೆ ಸೆಟ್ಟಿಲ್ಲದೆ ತರಂಗ ಹಾದುಹೋದ ಜಿಲ್ಲೆಗಳು ದೇಶದಲ್ಲಿ ನೂರಾರು.

ಪ್ರಯೋಗದ ಫಲವನ್ನು ಅಳೆಯಲು ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿಯೇ ತಂಗಿದ್ದರು. ಅವರು ಕಂಡದ್ದೆಲ್ಲವೂ ಸಿಹಿಯಾಗಿರಲಿಲ್ಲ. ಮೊದಲ ದಿನಗಳ ಜಾತ್ರೆ ಕ್ರಮೇಣ ಕರಗಿತು. ಹೆಂಗಸರು ಗಂಡಸರಷ್ಟು ಸಂಖ್ಯೆಯಲ್ಲಿ ಬರುತ್ತಿರಲಿಲ್ಲ. ಸಂಜೆಯ ಹೊತ್ತು ಅಡುಗೆಮನೆಯ ಹೊತ್ತು ಎಂಬುದನ್ನು ವೇಳಾಪಟ್ಟಿ ಮಾಡಿದವರು ಅಷ್ಟಾಗಿ ಎಣಿಸಿರಲಿಲ್ಲ. ಎಲ್ಲಿಯೋ ಚಿತ್ರಿಸಿದ ಬೇಸಾಯದ ಕ್ರಮವು ಇಲ್ಲಿಯ ಮಣ್ಣಿಗೆ ಹೊಂದದಿರುವುದೂ ಉಂಟು. ಆದರೆ ಎಂದೂ ಪತ್ರಿಕೆ ಓದದ, ರೇಡಿಯೋ ಕೇಳದ ಬಡವರು ಆ ಪೆಟ್ಟಿಗೆಯ ಮುಂದೆ ತಪ್ಪದೆ ಬಂದು ಕುಳಿತರು ಎಂಬುದೂ, ಮಕ್ಕಳು ಹೊಸ ಪ್ರಶ್ನೆಗಳನ್ನು ಕೇಳತೊಡಗಿದರು ಎಂಬುದೂ ನಿಜವಾಯಿತು. ಸೆಟ್ಟುಗಳ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಅಂಜಿದ್ದವರು ಎಂಜಿನಿಯರುಗಳು. ಧೂಳು, ಮಳೆ, ವಿದ್ಯುತ್ತಿನ ಏರಿಳಿತಗಳ ನಡುವೆಯೂ ಬಹುಪಾಲು ಸೆಟ್ಟುಗಳು ವರ್ಷವಿಡೀ ನಡೆದವು.

1976ನೆಯ ಜುಲೈ 31ರಂದು ಅವಧಿ ಮುಗಿಯಿತು. ಮಾತುಕೊಟ್ಟಂತೆ ಉಪಗ್ರಹವು ಅಮೆರಿಕದ ಕಡೆಗೆ ಹಿಂದಿರುಗಿತು. ಹಳ್ಳಿಗಳಲ್ಲಿ ತಂತಿಬಲೆಯ ಬೋಗುಣಿ ಇತ್ತು, ಸೆಟ್ಟು ಇತ್ತು, ಕೂಡಲು ಬರುವ ಜನರೂ ಇದ್ದರು, ಚಿತ್ರ ಬರಲಿಲ್ಲ. ವರ್ಷ ಮುಗಿದ ಮೇಲೆ ಏನು ಎಂಬ ಹಳೆಯ ಆಕ್ಷೇಪ ಆಗ ನಿಜವಾಯಿತು. ಭಾರತಕ್ಕೆ ಸೇರಿದ ಇನ್ಸಾಟ್ ಮಾಲೆಯ ಮೊದಲ ಉಪಗ್ರಹ 1982ರಲ್ಲಿ ಮೇಲೇರಿ, ಕೆಲವೇ ತಿಂಗಳುಗಳಲ್ಲಿ ಕೆಟ್ಟಿತು. 1983ರ ಆಗಸ್ಟ್ ತಿಂಗಳಲ್ಲಿ ಹಾರಿದ ಎರಡನೆಯದು ಬಾಳಿತು. ಸಾರಾಭಾಯಿ ಅವರು ಕೊಟ್ಟಿದ್ದ ಉತ್ತರ ಹಳ್ಳಿಯನ್ನು ಮುಟ್ಟಲು ಏಳು ವರ್ಷಗಳು ಹಿಡಿದವು. ಅಷ್ಟರಲ್ಲಿ ಊರಿಗೊಂದು ಸೆಟ್ಟು ಎಂಬ ಕಾಲವೂ ಕಳೆದು, ಮನೆಗೊಂದು ಸೆಟ್ಟನ್ನು ಕೊಳ್ಳುವ ಕಾಲ ಬರತೊಡಗಿತ್ತು.

ಆ ನಡುಗಾಲದಲ್ಲಿ, ಉಪಗ್ರಹ ಕಂಡಿದ್ದ ಕೆಲವು ಪ್ರದೇಶಗಳಿಗಾದರೂ ಚಿತ್ರ ತಪ್ಪಬಾರದೆಂದು ಸರ್ಕಾರವು ನೆಲದ ಮೇಲೆಯೇ ಪ್ರಸಾರ ಗೋಪುರಗಳನ್ನು ಕಟ್ಟಿಸಿತು. ಹಾಗೆ 1977ರಲ್ಲಿ ಗುಲ್ಬರ್ಗಾದಲ್ಲಿ ಒಂದು ದೂರದರ್ಶನ ಪ್ರಸಾರ ಕೇಂದ್ರ ಆರಂಭವಾಯಿತು. ಕರ್ನಾಟಕದಲ್ಲಿ ಅದೇ ಮೊದಲನೆಯದು. ಬೆಂಗಳೂರಿನ ಮನೆಗಳವರು ತಮ್ಮ ಊರಿನ ಕೇಂದ್ರದಿಂದ ಚಿತ್ರ ಬರುವುದನ್ನು ನೋಡಲು 1981ರವರೆಗೆ ಕಾಯಬೇಕಾಯಿತು.